ಅರಿಶಿಣ ಹತ್ತಿದ ರಕ್ತನಾಳ

ಮಗುವಿಗೆ ಜ್ವರ ಬರದೇ ಇದ್ದಿದ್ದರೆ ವಿದ್ಯಾ ಅವತ್ತೂ ಮಟನ್ ಅಂಗಡಿಗೆ ತಾನೇ ಹೋಗುತ್ತಿದ್ದಳು. ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ.

ಬೆಳಗಾವಿಯಲ್ಲಿ ಓದಿ, ಮೇಲವಂಕಿಯ ಕುರಿಗಾರರ ಮನೆಗೆ ಸೊಸೆಯಾಗಿ ಬಂದವಳು. ಎಂ.ಫಾರ್ಮಾ ಮಾಡಲು ಘಟಪ್ರಭಾದ ಕಡೆಗಿನ ಒಂದು ಕಾಲೇಜಿಗೆ ಓಡಾಡುತ್ತಿದ್ದಳು. ವಾರಕ್ಕೆರಡು ಸಲ ನಸುಕಿನಲ್ಲೇ ಮಟನ್ ಅಂಗಡಿಯ ಮುಂದೆ ನಿಂತು, ಆಗಷ್ಟೇ ಕೊಯ್ದ ಕುರಿಯ ರಕ್ತನಾಳವನ್ನು ತಣ್ಣನೆಯ ಉಪ್ಪುನೀರಿನ ಡಬ್ಬಿಯಲ್ಲಿಟ್ಟು ಬಸ್ ಹತ್ತುವಳು. ಲ್ಯಾಬಿನಲ್ಲಿ ಅದನ್ನು ಸಣ್ಣ ಬಳೆಯಂತೆ ಕತ್ತರಿಸಿ, ಬೆಚ್ಚನೆಯ ದ್ರಾವಣದೊಳಗೆ ಕೊಕ್ಕೆಗೆ ತೂಗಿಬಿಟ್ಟರೆ, ಸ್ನಾಯು ಬಿಗಿದದ್ದು, ಸಡಿಲಿದ್ದು ಎಲ್ಲ ಕಂಪ್ಯೂಟರಿನಲ್ಲಿ ಗೆರೆಯಾಗಿ ಮೂಡುತ್ತಿತ್ತು.

ಆ ಸ್ನಾಯುಕೋಶಗಳಿಗೆ ಪೊಟ್ಯಾಸಿಯಂ ಹೊರಹೋಗುವ ಬಾಗಿಲುಗಳಿವೆ. ತೆರೆದರೆ ನಾಳ ಸಡಿಲ, ಮುಚ್ಚಿದರೆ ಬಿಗಿ. ಒಂದು ಕಿಣ್ವವನ್ನು ತಡೆಯುವ ಔಷಧಿ ಹಾಕಿದಾಗ ಆ ಬಾಗಿಲು ಮುಚ್ಚುತ್ತಿತ್ತು. ಕಿಣ್ವ ನಿಂತಿದ್ದರಿಂದಲೇ ಮುಚ್ಚಿತು ಎನ್ನುವುದು ಅವಳ ಗೈಡ್ ಗುರುಪಾದ ಸರ್ ಹತ್ತು ವರ್ಷದಿಂದ ಹೇಳುತ್ತ ಬಂದ ಮಾತು. ವಿದ್ಯಾಳ ಕಣ್ಣಿಗೆ ಬಿದ್ದದ್ದೇ ಬೇರೆ. ಆ ಔಷಧಿಗೊಂದು ಜೋಡಿ ಔಷಧಿಯಿದೆ, ರಚನೆಯಲ್ಲಿ ಹೆಚ್ಚುಕಡಿಮೆ ಅದರಂತೆಯೇ, ಆದರೆ ಕಿಣ್ವದ ತಂಟೆಗೇ ಹೋಗುವುದಿಲ್ಲ. ಅದನ್ನು ಹಾಕಿದರೂ ನಾಳ ಬಿಗಿಯಿತು! ಅಂದರೆ ಔಷಧಿಯೇ ನೇರವಾಗಿ ಹೋಗಿ ಬಾಗಿಲಿಗೆ ಅಡ್ಡ ನಿಲ್ಲುತ್ತಿದೆ. ಹನ್ನೊಂದು ಕುರಿಗಳಲ್ಲಿ ಹನ್ನೊಂದರಲ್ಲೂ ಹೀಗೇ.

ಹನ್ನೆರಡನೆಯದು ಜ್ವರದ ದಿನದ್ದು. ಮಾವ ಶೆಟ್ಟೆಪ್ಪ ಅಂಗಡಿಗೆ ಹೋಗಿ ತಂದಿಟ್ಟಿದ್ದ. ಮಗುವಿನ ಮೈ ತಣ್ಣಗಾದ ಮೇಲೆ ಅವಳು ಲ್ಯಾಬಿಗೆ ಓಡಿ ಮುಚ್ಚಳ ತೆಗೆದರೆ, ನಾಳವೆಲ್ಲ ಹಳದಿ. ಯಾವ ಔಷಧಿಗೂ ಅಲುಗಲಿಲ್ಲ.

"ಮಾಂವಾರ, ಏನ್ ಹಚ್ಚೀರಿ ಅದಕ್ಕ?" ಫೋನಿನಲ್ಲಿ ಕೇಳಿದಳು.

"ನೀ ಹೊರಡೂದು ತಡ ಆತಲ್ಲವಾ, ಕೆಡಬಾರದಂತ ಚೂರು ಅರಿಶಿಣ ತಿಕ್ಕೇನಿ. ಉಳಿದ ಮಾಂಸಕ್ಕ ನಾವು ತಿಕ್ಕೂದಿಲ್ಲೇನು?"

ಸುದ್ದಿ ಕೇಳಿ ಗುರುಪಾದ ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಒಗ್ಗರಣಿ ಒಂದು ಮರತಾರ ನೋಡು ನಿಮ್ಮ ಮಾವ! ಉಳಿದ ಹನ್ನೊಂದೂ ಹಿಂಗ ತಂದಿರ್ತಿ. ಆ ಜೋಡಿ ಔಷಧಿ ಮಾತು ಬಿಡು, ನಾ ಹೇಳಿದಂಗ ಬರಿ. ಇಲ್ಲಂದ್ರ ಸಹಿ ಇಲ್ಲ."

ಪ್ರಬಂಧಕ್ಕೆ ಗೈಡ್ ಸಹಿ ಇಲ್ಲವೆಂದರೆ ಎರಡು ವರ್ಷದ ಓದು ನೀರುಪಾಲು. ಮನೆಗೆ ಮರಳುವ ಬಸ್ಸಿನಲ್ಲಿ ಅವಳಿಗೆ ಅದೇ ಚಿಂತೆ. ಜ್ವರ ಮತ್ತೆ ಏರಿತೋ, ಕೂಸು ಹಾಲು ಕುಡಿಯಿತೋ, ಸರ್ ಹೇಳಿದ್ದೇ ಸರಿಯೋ? ಹೆದರಿಕೆ ಅವಳ ಹುಟ್ಟುಗುಣ. ಆದರೆ ಆ ಹನ್ನೊಂದು ಗೆರೆಗಳು ಅವಳು ಹೆದರಿದಳೆಂದು ಬಾಗಿರಲಿಲ್ಲವಲ್ಲ!

ಎರಡು ದಿನ ಬಿಟ್ಟು ಪ್ರಬಂಧದ ಬರಹ ತಂದು ಲ್ಯಾಬಿನಲ್ಲಿ ಸರ್ ಮುಂದಿಟ್ಟಳು. "ಹನ್ನೆರಡನೆಯ ನಾಳಕ್ಕೆ ಅರಿಶಿಣ ತಗುಲಿತ್ತು, ಲೆಕ್ಕಕ್ಕೆ ಹಿಡಿದಿಲ್ಲ" ಎಂದೂ ಅದರಲ್ಲಿತ್ತು.

"ಇದನ್ಯಾಕ ಬರದಿ? ಮಂದಿ ನಗ್ತಾರ."

"ನಗಲಿ ಬಿಡ್ರಿ ಸರ್. ನನ್ನ ತಪ್ಪೂ ಬರದೇನಿ, ಕಂಡದ್ದನ್ನೂ ಬರದೇನಿ. ಇವತ್ತ ನೀವ ನಿಂತು ನೋಡ್ರಿ."

ಲ್ಯಾಬಿನ ಬಾಗಿಲಲ್ಲಿ ಶೆಟ್ಟೆಪ್ಪ ಹೊಸ ನಾಳದ ಡಬ್ಬಿ ಹಿಡಿದು ನಿಂತಿದ್ದ. ಎರಡೂ ಅಂಗೈ ತಿರುಗಿಸಿ ತೋರಿಸಿದ. "ಸಾಬಾಣ ಹಚ್ಚಿ ತೊಳಕೊಂಡೇನ್ರಿ."

ನಾಳ ಬೆಳ್ಳಗಿತ್ತು. ಕೊಕ್ಕೆಗೆ ತೂಗಿ, ಜೋಡಿ ಔಷಧಿಯನ್ನೇ ಹಾಕಿದಳು. ಗೆರೆ ಮೆಲ್ಲಗೆ ಮೇಲೇರಿ ಅಲ್ಲೇ ನಿಂತಿತು; ನಾಳ ಬಿಗಿದಿತ್ತು.

ಸರ್ ಕನ್ನಡಕ ತೆಗೆದು ಒರೆಸಿದರು. "ಒಂದ ಕುರಿ ಇದು, ವಿದ್ಯಾ."

"ಕುರಿಗೇನ್ ಬರ ಐತೇನ್ರಿ ನಮ್ಮಲ್ಲಿ?" ಎಂದ ಶೆಟ್ಟೆಪ್ಪ.

"ನಾಳೆ ಇನ್ನೊಂದ ತರ್ತೇನ್ರಿ ಸರ್, ನಾಡದ ಮತ್ತೊಂದ. ಬರದದ್ದನ್ನ ಮಾತ್ರ ಅಳಸಂಗಿಲ್ಲ."

ಸಹಿಯ ಪುಟವನ್ನು ತೆರೆದು ಅವರ ಮುಂದಿಟ್ಟು, ವಿದ್ಯಾ ಕೊಕ್ಕೆ ತೊಳೆಯಲು ಹೋದಳು.