ದೊಡ್ಡಮ್ಮನ ಮಂಡಿನೋವು

ಇವತ್ತು ಬೆಳಿಗ್ಗೆ ಭದ್ರಾವತಿಯಲ್ಲಿ ಶಿವಮೊಗ್ಗದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ಪಕ್ಕದಲ್ಲಿ ಸೆಲ್ವಿ. ಅವಳ ತೊಡೆಯ ಮೇಲಿದ್ದ ವೈರಿನ ಬುಟ್ಟಿಯಿಂದ ಕರ್ಪೂರ ಹಾಕಿ ಕಾಯಿಸಿದ ಎಳ್ಳೆಣ್ಣೆಯ ವಾಸನೆ ಬಸ್ಸೆಲ್ಲ ತುಂಬಿತ್ತು. ಮುಂದಿನ ಸೀಟಿನ ಹೆಂಗಸೊಬ್ಬಳು ತಿರುಗಿ ನೋಡಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನನಗೆ ಸಿಟ್ಟು ಬಂತು. ಆಮೇಲೆ ನಗುವೂ ಬಂತು. ಯಾಕೆಂದರೆ ವರ್ಷದ ಹಿಂದೆ ನಾನು ಸೆಲ್ವಿಯ ಪಕ್ಕ ಕೂರುತ್ತಿರಲಿಲ್ಲ. ಅವಳ ಹಿಂದಿನ ಸೀಟು ಹಿಡಿದು, ಆ ಬುಟ್ಟಿಯಲ್ಲಿ ಏನೇನಿದೆ ಅಂತ ಕತ್ತು ಉದ್ದ ಮಾಡಿ ನೋಡುತ್ತಿದ್ದೆ.

ನನ್ನದು ಅನುಮಾನದ ಜೀವ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದೆ. ಆದರೆ ಭದ್ರಾವತಿಯ ನ್ಯೂಟೌನಿನ ಕಡೆ ಇವತ್ತಿಗೂ ಜನ ನನ್ನನ್ನು ಗುರುತಿಸುವುದು ಗಣಿತದಿಂದಲ್ಲ, ಪರೀಕ್ಷೆಯಲ್ಲಿ ಕಾಪಿ ಹಿಡಿಯುತ್ತಿದ್ದುದರಿಂದ. ಜಡೆಯೊಳಗಿನ ಚೀಟಿ, ಬಳೆಯೊಳಗಿನ ಚೀಟಿ, ನೀರಿನ ಬಾಟಲಿಯ ಲೇಬಲ್ಲಿನ ಹಿಂದೆ ಬರೆದ ಸೂತ್ರ, ಯಾವುದೂ ನನ್ನ ಕಣ್ಣು ತಪ್ಪಿಸಿದ್ದಿಲ್ಲ. ಮನೆಯಲ್ಲೂ ಅದೇ ಚಾಳಿ. ಹಾಲಿಗೆ ನೀರು ಹಾಕಿದ್ದಾನೆ, ತರಕಾರಿಯವನ ತಕ್ಕಡಿ ಸರಿಯಿಲ್ಲ, ಪಕ್ಕದ ಮನೆಯವಳು ಇಷ್ಟು ನಕ್ಕು ಮಾತಾಡಿಸಿದ್ದು ಯಾಕೆ? ನಮ್ಮೆಜಮಾನರು ಹೇಳುತ್ತಿದ್ದರು, "ನಾನು ಗೊರಕೆ ಹೊಡೆದ್ರೂ ನಿಜವೋ ನಾಟಕವೋ ಅಂತ ಎದ್ದು ನೋಡ್ತೀಯಲ್ಲ ಮಾರಾಯ್ತಿ!" ಅವರು ಹೋಗಿ ಆರು ವರ್ಷವಾಯಿತು. ಮನೆಯೊಳಗೆ ಅನುಮಾನ ಪಡಲು ಈಗ ಯಾರೂ ಇಲ್ಲ. ಹಾಗಾಗಿ ಅಷ್ಟೂ ಹೊರಗಿನವರ ಪಾಲಿಗೆ.

ನಮ್ಮ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಶಿವಮೊಗ್ಗದ ಗೋಪಾಳದಲ್ಲಿರುವ ಒಂದು ವೃದ್ಧಾಶ್ರಮದಲ್ಲಿದ್ದಾರೆ. ಎಂಬತ್ತಾರು ವರ್ಷ. ಹತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡವರು, ಮಕ್ಕಳಿಲ್ಲ. ತವರಿನಲ್ಲಿ, ತಮ್ಮಂದಿರ ಮನೆಗಳಲ್ಲಿ ಐವತ್ತು ವರ್ಷ ಮಡಿಯಲ್ಲಿ ಅಡುಗೆ ಮಾಡಿ ಬಡಿಸಿದರು. ಕೊನೆಗೆ ಒಂದು ದಿನ ತಾವೇ, "ಇನ್ನು ಯಾರ ಮನೇಲೂ ಅಡ್ಡ ಮಲಗಿರಲ್ಲ, ನನ್ನನ್ನ ಅಲ್ಲಿಗೆ ಸೇರಿಸಿ" ಅಂದರು. ನಾನೂ ಕರೆದೆ, ನಮ್ಮನೆಗೆ ಬನ್ನಿ ಅಂತ. ಎಷ್ಟು ಜೋರಾಗಿ ಕರೆದೆ ಅಂತ ಮಾತ್ರ ಕೇಳಬೇಡಿ.

ದೊಡ್ಡಮ್ಮನ ಮಡಿ ಎಂಥದ್ದು ಅಂತ ನಿಮಗೆ ಹೇಳಬೇಕು. ನಾವು ಹುಡುಗರು ಬೇಸಿಗೆ ರಜೆಗೆ ಹೋದಾಗ ಓಡಿಹೋಗಿ ತಬ್ಬಿಕೊಳ್ಳುವ ಹಾಗಿರಲಿಲ್ಲ. "ಮುಟ್ಟಬೇಡ, ಮಡೀಲಿದೀನಿ" ಅಂತ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಉಂಡೆಯನ್ನೋ ಚಕ್ಕುಲಿಯನ್ನೋ ಒಂದು ಗೇಣು ಮೇಲಿನಿಂದ ನಮ್ಮ ಅಂಗೈಗೆ ಹಾಕುತ್ತಿದ್ದರು. ಪ್ರೀತಿಗೇನೂ ಕಮ್ಮಿಯಿರಲಿಲ್ಲ. ಆ ಪ್ರೀತಿ ಯಾವಾಗಲೂ ಆ ಒಂದು ಗೇಣು ಮೇಲೇ ಇರುತ್ತಿತ್ತು.

ಅಂಥ ದೊಡ್ಡಮ್ಮ ಹೋದ ವರ್ಷ ಫೋನಿನಲ್ಲಿ, "ಗುರುವಾರ ಬರಬೇಡ ಕಣೆ. ಶುಕ್ರವಾರ ಬಾ" ಅಂದರು. ನನ್ನ ಕಿವಿ ನೆಟ್ಟಗಾಯಿತು. ವೃದ್ಧಾಶ್ರಮದಲ್ಲಿರುವವರಿಗೆ ಗುರುವಾರವೇನು, ಶುಕ್ರವಾರವೇನು? ನೀವೇ ಹೇಳಿ. ಗುರುವಾರವೇ ಹೊರಟೆ. ಬಸ್ಸಿನಲ್ಲಿ ಈ ಕರ್ಪೂರದ ವಾಸನೆಯ ಹೆಂಗಸು. ಶಿವಮೊಗ್ಗದಲ್ಲಿ ನಾನು ಹತ್ತಿದ ಸಿಟಿ ಬಸ್ಸನ್ನೇ ಹತ್ತಿದಳು, ಗೋಪಾಳದಲ್ಲಿ ನಾನು ಇಳಿದಲ್ಲೇ ಇಳಿದಳು, ಅದೇ ಗೇಟಿನೊಳಗೆ ಹೋದಳು, ಹೋಗಿ ನೇರ ನಮ್ಮ ದೊಡ್ಡಮ್ಮನ ಮಂಚದ ಹತ್ತಿರ ನಿಂತು, "ಪಾಟೀ, ಚೆನ್ನಾಗಿದೀರಾ?" ಅಂದಳು. ಪಾಟಿ ಅಂದರೆ ತಮಿಳಿನಲ್ಲಿ ಅಜ್ಜಿ. ದೊಡ್ಡಮ್ಮ ಸೀರೆಯನ್ನು ಮಂಡಿಯ ತನಕ ಎತ್ತಿ ಕಾಲು ಚಾಚಿದರು.

ನಾನು ಬಾಗಿಲಲ್ಲೇ ನಿಂತೆ. ನನ್ನನ್ನು ನೋಡಿದ ದೊಡ್ಡಮ್ಮನ ಮುಖದಲ್ಲಿ ನಾನು ಕಂಡದ್ದು, ಚೀಟಿ ಸಿಕ್ಕಿಬಿದ್ದ ಹುಡುಗಿಯ ಮುಖ. "ಮಂಡಿನೋವು ಕಣೆ. ತಡೆಯಕ್ಕಾಗಲ್ಲ. ಔಷಧಿ ಅಂತ ಹಚ್ಚಿಸ್ಕೋತೀನಿ. ಆಮೇಲೆ ಸ್ನಾನ ಮಾಡ್ತೀನಿ" ಅಂದರು, ನಾನೇನೂ ಕೇಳದಿದ್ದರೂ.

ಸೆಲ್ವಿ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸುಗಳಲ್ಲಿ ಬಾಣಂತಿಯರಿಗೆ, ಎಳೆಮಕ್ಕಳಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದವಳಂತೆ. ಕ್ವಾರ್ಟರ್ಸು ಖಾಲಿಯಾಗುತ್ತ ಬಂದಂತೆ ಮಕ್ಕಳೂ ಕಮ್ಮಿಯಾದರು. ಈಗ ವಾರಕ್ಕೊಮ್ಮೆ ಇಲ್ಲಿ ಬಂದು ಮುದುಕರ ಕೈಕಾಲು ತಿಕ್ಕುತ್ತಾಳೆ. ಅವಳಿಗಿರುವುದು ಮೂರು ಗಂಟೆ, ಅಲ್ಲಿರುವವರು ಇಪ್ಪತ್ತೆರಡು ಜನ. ಅದಕ್ಕೇ ನೋವಿದ್ದವರಿಗೆ ಮಾತ್ರ ಅಂತ ಮ್ಯಾನೇಜರಮ್ಮ ಒಂದು ಲಿಸ್ಟು ಮಾಡಿದ್ದರು. ಇದನ್ನೆಲ್ಲ ಅವರು ಹೇಳಿದಾಗ ನಾನು ತಲೆಯಾಡಿಸಿದೆ. ಒಂದಕ್ಷರವನ್ನೂ ನಂಬಲಿಲ್ಲ.

ನಿಜ ಹೇಳಿಬಿಡುತ್ತೇನೆ, ನಾಚಿಕೆಯಾದರೂ ಸರಿ. ಸೆಲ್ವಿ ಯಾರ ಪೈಕಿಯೋ, ಯಾವ ಜಾತಿಯೋ, ಅವಳ ಕೈ ನಮ್ಮ ದೊಡ್ಡಮ್ಮನ ಮೈಮೇಲೆ ಹೇಗೆ ಅನ್ನುವುದೂ ಒಳಗೆ ಕುಟುಕುತ್ತಿತ್ತು. ನಾನೇನು ಮಡಿ ಮಾಡುವವಳಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರ ಡಬ್ಬಿಗೂ ಕೈಹಾಕಿದವಳು. ಆದರೂ ಕುಟುಕಿತು. ಅದಕ್ಕೆ ಬೇರೆ ಹೆಸರು ಕೊಟ್ಟುಕೊಂಡೆ: ದೊಡ್ಡಮ್ಮನ ಕೊರಳಲ್ಲಿ ಚಿನ್ನ ಕಟ್ಟಿಸಿದ ತುಳಸಿಮಣಿ ಸರ ಇದೆಯಲ್ಲ, ಅದರ ಯೋಚನೆ.

ಅಲ್ಲಿಂದ ಪ್ರತಿ ಗುರುವಾರ ನನ್ನ ಕಾವಲು ಶುರುವಾಯಿತು. ಸರ ತೆಗೆದಿಟ್ಟಾಗ ಮಣಿ ಎಣಿಸಿದೆ, ಮತ್ತೆ ಹಾಕಿದಾಗ ಎಣಿಸಿದೆ. ಸರಿಯಾಗಿಯೇ ಇತ್ತು. ಎಣ್ಣೆಯಲ್ಲಿ ಏನಾದರೂ ಬೆರೆಸಿದ್ದಾಳೋ ಅಂತ ಕರ್ಚೀಫಿಗೆ ಒರೆಸಿಕೊಂಡು ಬಂದು ಮನೆಯಲ್ಲಿ ನನ್ನ ಮಂಡಿಗೇ ಹಚ್ಚಿಕೊಂಡು, ಗುಳ್ಳೆ ಏಳುತ್ತದೇನೋ ಅಂತ ಎರಡು ದಿನ ಕಾದೆ. ಗುಳ್ಳೆ ಏಳಲಿಲ್ಲ, ಮಂಡಿ ಹಗುರವಾಯಿತು. ಅದೂ ನನಗೆ ಅನುಮಾನವೇ!

ಕೊನೆಗೆ ಸಿಕ್ಕಿಬಿದ್ದದ್ದು ಸೆಲ್ವಿಯಲ್ಲ, ದೊಡ್ಡಮ್ಮ. ಒಂದು ವಾರ ಬಲಮಂಡಿ ಅಂದರು. ಮುಂದಿನ ವಾರ ಎಡಮಂಡಿ. ಮೂರನೇ ವಾರ, ಸೆಲ್ವಿ ಬರುವುದು ತಡವಾಯಿತು ಅಂತ ಗೇಟಿನ ತನಕ ನಾಲ್ಕು ಸಲ ಸರಸರನೆ ಹೋಗಿ ಬಂದರು. ಅವಳು ಬಂದದ್ದೇ ತಡ, "ಅಯ್ಯೋ ಕಾಲು" ಅಂತ ಮಂಚ ಹಿಡಿದರು. ಓಹೋ, ಗೊತ್ತಾಯ್ತು ಬಿಡಿ ಅಂದುಕೊಂಡೆ. ನೋವು ಅಂತ ಹೇಳಿ ಅಂತ ಇವಳೇ ಹೇಳಿಕೊಟ್ಟಿದ್ದಾಳೆ, ತನ್ನ ಕೆಲಸ ಉಳಿಯಲಿ ಅಂತ. ಮುದುಕಿಯನ್ನು ಆಟ ಆಡಿಸುತ್ತಿದ್ದಾಳೆ!

ದೊಡ್ಡಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಮೂಳೆ ಡಾಕ್ಟರ ಹತ್ತಿರ ಹೋದೆ. ಎರಡೂ ಮಂಡಿಗೆ ಎಕ್ಸ್‌ರೇ ಆಯಿತು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, "ವಯಸ್ಸಿಗೆ ತಕ್ಕ ಸವೆತ ಅಷ್ಟೇ. ಈ ವಯಸ್ಸಲ್ಲಿ ಇಂಥ ಮಂಡಿ ಇರೋದು ಪುಣ್ಯ" ಅಂದರು. ಆಮೇಲೆ ಅಲ್ಲಿ ಇಲ್ಲಿ ಒತ್ತಿ, "ಇಲ್ಲಿ ನೋಯುತ್ತಾ ಅಜ್ಜಿ? ಇಲ್ಲಿ?" ಅಂತ ಕೇಳಿದರು. ದೊಡ್ಡಮ್ಮ ನನ್ನ ಮುಖ ನೋಡಿದರು. "ಇಲ್ಲ" ಅಂದರು. ಗೆದ್ದೆ ಅನ್ನಿಸಿತು ನನಗೆ, ದೇವರಾಣೆ. ರಿಪೋರ್ಟನ್ನು ಅವತ್ತೇ ಮ್ಯಾನೇಜರಮ್ಮನ ಟೇಬಲ್ ಮೇಲಿಟ್ಟೆ. ಅವರು ಲಿಸ್ಟಿನಲ್ಲಿ ದೊಡ್ಡಮ್ಮನ ಹೆಸರಿನ ಮೇಲೆ ಗೆರೆ ಎಳೆದರು.

ಆಮೇಲೆ ದೊಡ್ಡಮ್ಮ ಜಗಳವಾಡಲಿಲ್ಲ, ಅಳಲಿಲ್ಲ. ಫೋನು ಮಾಡುವುದು ನಿಲ್ಲಿಸಿದರು. ಹೋದರೆ, "ಬಂದ್ಯಾ, ಕೂತ್ಕೋ" ಅಷ್ಟೇ. ಇವತ್ತು ಏಕಾದಶಿಯೋ ದ್ವಾದಶಿಯೋ ಅಂತ ಇಡೀ ವಾರ್ಡಿಗೆ ಹೇಳುತ್ತಿದ್ದವರು, ನಾನು ತಿಥಿ ಕೇಳಿದರೆ "ಯಾವುದಾದ್ರೇನು" ಅಂದರು. ಊಟಕ್ಕೆ ಎರಡು ಸಲ ಕರೆಯಬೇಕಾಗಿತ್ತು. ಸೆಲ್ವಿ ಎದುರಿನ ಮಂಚದವರಿಗೆ ಎಣ್ಣೆ ತಿಕ್ಕುವಾಗ ಇವರು ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಮೂರನೇ ವಾರ ನನಗೆ ತಡೆಯಲಾಗಲಿಲ್ಲ. ನಾನೇ ಒಂದು ಬಾಟಲಿ ಎಣ್ಣೆ ಕೊಂಡು ಹೋಗಿ, "ಬನ್ನಿ ದೊಡ್ಡಮ್ಮ, ನಾನೇ ಒತ್ತಿಕೊಡ್ತೀನಿ" ಅಂದೆ.

ಅವರು ಸೀರೆಯ ಅಂಚನ್ನು ಪಾದದ ತನಕ ಎಳೆದುಕೊಂಡರು. "ಯಾಕೆ? ನನಗೇನಾಗಿದೆ? ಏನೂ ಆಗಿಲ್ಲ ಅಂತ ನೀನೇ ಬರೆಸಿಕೊಂಡು ಬಂದ್ಯಲ್ಲ."

ಅವತ್ತು ಭದ್ರಾವತಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಸೆಲ್ವಿ ತಾನಾಗಿಯೇ ನನ್ನ ಪಕ್ಕ ಬಂದು ಕೂತಳು. "ಟೀಚರಮ್ಮ, ಪಾಟಿಗೆ ಮಂಡಿನೋವಿಲ್ಲ ಅಂತ ನನಗೆ ಮೊದಲ ದಿನವೇ ಗೊತ್ತಿತ್ತು" ಅಂದಳು.

"ಮತ್ತೆ ಹೇಳಲಿಲ್ಲ ಯಾಕೆ?"

"ಯಾರಿಗೆ ಹೇಳೋದು, ಯಾಕೆ ಹೇಳೋದು? ನಾನು ಮಗುಗೆ ಎಣ್ಣೆ ಹಚ್ಚುವಾಗ ಅದಕ್ಕೇನು ನೋವಿರುತ್ತಾ? ಹಚ್ಚಿದ್ರೆ ನಗುತ್ತೆ, ನಿದ್ದೆ ಮಾಡುತ್ತೆ. ಪಾಟಿನೂ ಅಷ್ಟೇ. ಮೊದಲನೇ ದಿನ ಕೈಯಿಟ್ಟಾಗ ಮೈಯೆಲ್ಲ ನಡುಗ್ತಿತ್ತು. ಯಾವ ಕಾಲದಲ್ಲಿ ಯಾರು ಮುಟ್ಟಿದ್ರೋ ಅಂದ್ಕೊಂಡೆ."

ನಾನು ಕಿಟಕಿ ಕಡೆ ತಿರುಗಿದೆ. ಚಿಕ್ಕಂದಿನಲ್ಲಿ ನನಗೆ ಸನ್ನಿಜ್ವರ ಬಂದದ್ದು ಆಗ ನೆನಪಾಯಿತು. ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ ಅದೇ ದೊಡ್ಡಮ್ಮ ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ನಾಲ್ಕು ದಿನ ಕೂತಿದ್ದರು. ಕಾಯಿಲೆಯಾದರೆ ಮುಟ್ಟಬಹುದು. ಅವರ ಮಡಿಯ ಲೆಕ್ಕದಲ್ಲಿ ಒಂದು ಮೈ ಇನ್ನೊಂದು ಮೈಗೆ ತಗುಲಲು ಇದ್ದ ದಾರಿ ಅದೊಂದೇ. ಗಂಡ ಹೋದ ಅರವತ್ತೇಳು ವರ್ಷದ ಮೇಲೆ ಆ ಜೀವ ತನಗಾಗಿ ಒಂದು ಮಂಡಿನೋವು ಹುಟ್ಟಿಸಿಕೊಂಡಿತ್ತು. ನಾನು ಅದನ್ನು ಎಕ್ಸ್‌ರೇ ಹಿಡಿದು ಕಿತ್ತುಕೊಂಡಿದ್ದೆ. ಬಸ್ಸಿನಲ್ಲಿ ಎಲ್ಲರೆದುರು ಅತ್ತೆ. ಸೆಲ್ವಿ ಟಿಕೆಟ್ಟು ಮಡಚುತ್ತ ಕೂತಿದ್ದಳು.

ಮರುದಿನವೇ ಮ್ಯಾನೇಜರಮ್ಮನ ಮುಂದೆ ನಿಂತೆ. "ನಮ್ಮ ದೊಡ್ಡಮ್ಮನ ಹೆಸರು ಮತ್ತೆ ಸೇರಿಸಿ."

"ರಿಪೋರ್ಟು ನೀವೇ ತಂದುಕೊಟ್ರಲ್ಲ ಮೇಡಂ? ನೋವಿಲ್ಲ ಅಂತ."

"ಅದು ಮಂಡಿಯ ರಿಪೋರ್ಟು. ನೋವಿರೋದು ಸೊಂಟದಲ್ಲಿ. ಸೊಂಟಕ್ಕೆ ಎಲ್ಲಿ ಎಕ್ಸ್‌ರೇ ತೆಗೆಸಿದೀವಿ?" ಅಂದೆ. ಮೂವತ್ತೊಂದು ವರ್ಷದಲ್ಲಿ ಎಷ್ಟು ಹುಡುಗರ ಸುಳ್ಳು ಕೇಳಿದ್ದೆನೋ, ಅವೆಲ್ಲ ನನ್ನ ಕೈಹಿಡಿದವು. ಆಕೆ ನನ್ನನ್ನು ಅನುಮಾನದಿಂದಲೇ ನೋಡಿದರು. ಪಾಪ, ನೋಡಬೇಕಾದ್ದೇ. ಬರೆದುಕೊಡಿ ಅಂದರು. ಬರೆದು ಸಹಿ ಹಾಕಿದೆ.

ಇನ್ನು ದೊಡ್ಡಮ್ಮನಿಗೆ ಹೇಳುವುದು. ಅದು ಕಷ್ಟದ ಕೆಲಸ. "ಡಾಕ್ಟರು ಫೋನ್ ಮಾಡಿದ್ರು ದೊಡ್ಡಮ್ಮ. ಮಂಡಿ ಸರಿಯಾಗೇ ಇದೆಯಂತೆ, ನೋವು ಸೊಂಟದಿಂದ ಇಳಿದು ಬರ್ತಿರೋದಂತೆ. ವಾರಕ್ಕೊಂದು ದಿನ ಎಣ್ಣೆ ತಿಕ್ಕಿಸಲೇಬೇಕಂತೆ" ಅಂದೆ. ಅವರು ನನ್ನ ಮುಖ ನೋಡಿದರು.

"ಅದಕ್ಕೇ ಮತ್ತೆ," ಅಂದರು. "ನಾನೂ ಅದೇ ಅಂದ್ಕೋತಿದ್ದೆ."

ಇದೆಲ್ಲ ಆಗಿ ತಿಂಗಳುಗಳಾದವು. ಈಗ ದೊಡ್ಡಮ್ಮ ಇಡೀ ವಾರ್ಡಿಗೆ ಮತ್ತೆ ತಿಥಿ ಹೇಳುತ್ತಾರೆ. ನಾನೂ ಸೆಲ್ವಿಯೂ ಗುರುವಾರ ಒಟ್ಟಿಗೇ ಹೊರಡುತ್ತೇವೆ. ಇವತ್ತೂ ಹಾಗೇ ಹೋದೆವು. ಸೆಲ್ವಿ ಎಣ್ಣೆ ಬಿಸಿ ಮಾಡಿಕೊಂಡು ಬಂದು ದೊಡ್ಡಮ್ಮನ ಕಾಲು, ಬೆನ್ನು, ಕೊನೆಗೆ ಅಂಗೈ ತಿಕ್ಕಿದಳು. ನಾನು ಮಂಚದ ತುದಿಯಲ್ಲಿ ಕೂತು ನೋಡುತ್ತಿದ್ದೆ. ಅವಳು ಮುಂದಿನ ಮಂಚಕ್ಕೆ ಹೋದಳು. ದೊಡ್ಡಮ್ಮ ಎಣ್ಣೆ ಕೈ ಒರೆಸಿಕೊಳ್ಳದೆ ನನ್ನ ಕಡೆ ತಿರುಗಿದರು.

"ನಿನಗೆಲ್ಲೂ ನೋವಿಲ್ವೇನೇ? ಮನೇಲಿ ಒಬ್ಬಳೇ ಇರ್ತೀಯ."

ಇಲ್ಲ ದೊಡ್ಡಮ್ಮ ಅಂತ ಬಾಯಿಗೆ ಬಂತು. ನನಗೆ ನಿಜವಾಗಿ ಎಲ್ಲೂ ನೋವಿರಲಿಲ್ಲ. ಬೆಳಿಗ್ಗೆ ದಿನಾ ಎರಡು ಸುತ್ತು ನಡೆಯುವವಳು ನಾನು. ಆದರೆ ಬಾಯಿಂದ ಬಂದದ್ದು ಬೇರೆ.

"ಈ ಭುಜ ದೊಡ್ಡಮ್ಮ. ಸ್ವಲ್ಪ ದಿನದಿಂದ."

"ಹೇಳಬಾರದಾ ಮತ್ತೆ? ತಿರುಗು ಈ ಕಡೆ" ಅಂದರು. ಬಿಸಿ ಬಿಸಿ ಕೈ ಕುತ್ತಿಗೆಯ ಪಕ್ಕದಿಂದ ಭುಜಕ್ಕೆ ಇಳಿಯಿತು. ಹೆಬ್ಬೆಟ್ಟು ಒತ್ತಿ, "ಇಲ್ಲೇನಾ?" ಅಂತ ಕೇಳಿದರು.

"ಅಲ್ಲೇ," ಅಂದೆ. "ಇನ್ನೂ ಸ್ವಲ್ಪ ಹೊತ್ತು."