ತೊಳೆಯಬಾರದ ಪಾತ್ರೆ

ಊಟದಲ್ಲಿ ಕೀಟನಾಶಕ ಬೆರೆತರೆ ಏನು ಮಾಡಬೇಕೆಂದು ಹೊಸ ಆರೋಗ್ಯ ನಿರೀಕ್ಷಕರಾದ ನಮಗೆ ಬಂಗಾರಪೇಟೆಯಲ್ಲಿ ಎರಡು ದಿನ ತರಬೇತಿಯಿತ್ತು. ಎರಡನೆಯ ದಿನ, ಮಂಗಳವಾರ, ಕಾಮಸಮುದ್ರದ ಹತ್ತಿರದ ಶಾಲೆಯೊಂದರಲ್ಲಿ ಅಣಕು ಪ್ರದರ್ಶನ. ಬಿಸಿಯೂಟ ಮುಗಿಸಿದ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಲೇ ನರಳಿದರು. ನಾವು ಸಾರಿನ ಮಾದರಿ ತೆಗೆಯಲು ಅಡುಗೆಮನೆಗೆ ಓಡಿದೆವು. ಪಾತ್ರೆ ಫಳಫಳ ಹೊಳೆಯುತ್ತಿತ್ತು!

"ಯಾಕಕ್ಕ ತೊಳೆದ್ರಿ?" ಎಂದು ಅಡುಗೆಯವರನ್ನು ಕೇಳಿದೆ.

"ಅಧಿಕಾರಿಗೋಳು ಬತ್ತಾರೆ ಅಂದ್ರೆ ಮುಸುರೆ ಅಂಗೇ ಬಿಡಾಕಾಯ್ತದಾ ಸಾಮಿ? ನಿಜವಾಗ್ಲೂ ಏನಾನಾ ಆದ್ರೆ ಎಲ್ಲಾ ನನ್ ಮ್ಯಾಲೇ ಬತ್ತದೆ. ಕೆಲ್ಸಾನೂ ಓಯ್ತದೆ."

ತರಬೇತುದಾರರು ಹೇಳಿದರು: "ಅಮ್ಮ, ವಿಷ ಅಂಗಡಿ ಎಣ್ಣೇಲಿತ್ತೋ ಬೇಳೇಲಿತ್ತೋ ಅಂತ ಆ ಮುಸುರೆಯಿಂದಲೇ ಗೊತ್ತಾಗೋದು. ಅದನ್ನ ತೊಳೆದ್ಬಿಟ್ರೆ ನಿಮ್ಮ ತಪ್ಪಲ್ಲ ಅಂತ ಹೇಗೆ ತೋರಿಸ್ತೀರಿ?"

ಅಕ್ಕ ಆ ಪಾತ್ರೆಯನ್ನು ಸೆರಗಿನಿಂದ ಮತ್ತೊಮ್ಮೆ ಒರೆಸಿ ಬೋರಲು ಹಾಕಿದರು. ಒಪ್ಪಿದರೋ ಇಲ್ಲವೋ ಎಂಬ ಪ್ರಶ್ನೆ ನನ್ನ ತಲೆಯಲ್ಲೇ ಉಳಿಯಿತು.

ಹದಿನಾರು ದಿನಗಳ ಬಳಿಕ ಆ ಶಾಲೆಗೆ ಮತ್ತೆ ಹೋದೆ. ಪಾತ್ರೆಗಳೆಲ್ಲ ಹಾಗೆಯೇ ಹೊಳೆಯುತ್ತಿದ್ದವು. ಆದರೆ ಮೂಲೆಯಲ್ಲಿ ಹೊಸದೊಂದು ಸ್ಟೀಲ್ ಡಬ್ಬಿ ಇತ್ತು. ಕುತೂಹಲ ತಡೆಯದೆ ಮುಚ್ಚಳಕ್ಕೆ ಕೈಯಿಟ್ಟೆ.

"ಏಯ್, ಮುಟ್ಬ್ಯಾಡಿ ಸಾಮಿ!" ಎಂದು ಅಕ್ಕ ಸೌಟು ಹಿಡಿದೇ ಬಂದರು. "ಇವತ್ತಿನ ಸಾರು ಅದು. ನಾಳೆ ಊಟದ ಗಂಟೆ ಒಡಿಯೋವರ್ಗೂ ನಾನೇ ತೆಗಿಯಾಕಿಲ್ಲ."