ಮೇಲಿನ ಬಂಡೆಯ ಬಿಳಿ ಬಟ್ಟೆ

ಹೊಳೆಯ ಮೇಲೆ ಮಂಜು ಇನ್ನೂ ಮಲಗಿರುವಾಗಲೇ ಸಿಯಾನಾ ಮೊಣಕಾಲುದ್ದ ನೀರಿಗೆ ಇಳಿದಿದ್ದಾಳೆ. ಎದುರು ದಡ ಕಾಣುತ್ತಿಲ್ಲ. ಅಲ್ಲೊಂದು ಬಿದಿರುಮೆಳೆ ಇದೆ ಎಂಬುದು ಬರೀ ಅಂದಾಜು. ಬಂಡೆಯ ಮೇಲೆ ಕೊಡತಿಯ ಏಟು ಬಿದ್ದಾಗಲೆಲ್ಲ ಅದೇ ಸದ್ದು ಆಚೆಯಿಂದ ಮೆಲ್ಲಗೆ ತಿರುಗಿ ಬರುತ್ತದೆ. ಮಂಜಿನೊಳಗೆ ಇನ್ನೊಬ್ಬಳು ನಿಂತು ಒಗೆಯುತ್ತಿದ್ದಾಳೇನೋ ಅನ್ನಿಸುತ್ತದೆ. ಇಲ್ಲಿ ಬಂದು ಕೂತವರಿಗೆ ಎಚ್ಚರದಲ್ಲೇ ಕನಸು ಬೀಳುತ್ತದೆ. ಸಿಯಾನಾಗೆ ಮಾತ್ರ ಅದಕ್ಕೆಲ್ಲ ಪುರಸೊತ್ತಿಲ್ಲ.

ಸ್ಪೇನಿನ ದಂಡು ಸಾಂತಾ ಉರ್ಸುಲಾ ಊರನ್ನು ಬಿಟ್ಟುಕೊಟ್ಟು ಇಂದಿಗೆ ಹದಿನೆಂಟು ದಿನ. ಈ ದ್ವೀಪಗಳನ್ನು ಮುನ್ನೂರು ವರ್ಷ ಆಳಿದವರು ಈಗ ಪಾದ್ರಿಮನೆಯಲ್ಲಿ ಸೆರೆಯಾಳುಗಳು. ಬಂಡಾಯವೆದ್ದು ಗೆದ್ದು ಬಂದ ಗಂಡಸರಿಗೆ ಬೀದಿಬೀದಿಯಲ್ಲಿ ಬ್ಯಾಂಡು, ಹೂಮಾಲೆ. ಎರಡು ವರ್ಷ ಅವರ ಜೀವ ಕಾದ ಸಿಯಾನಾಳ ಹೆಸರು ಯಾವ ಭಾಷಣದಲ್ಲೂ ಬಂದಿಲ್ಲ. ಇದಕ್ಕಿಂತ ಅನ್ಯಾಯ ಇನ್ನೇನಿದೆ!

“ದಂಡಿನ ಅಂಗಿ ಒಗೀತಿದ್ದವಳು ನಾನೇ ಅಲ್ವಾ,” ಎನ್ನುತ್ತಾಳೆ ಆಕೆ ಕೇಳಿದವರಿಗೆ, ಸೀಗೆಯಂತೆ ನೊರೆ ಬಿಡುವ ಗುಗೊ ತೊಗಟೆ ಹಿಂಡುತ್ತಾ. “ವಾರಕ್ಕೆ ಅರವತ್ತು ಅಂಗಿ. ನಲವತ್ತೇ ಬಂದ್ರೆ ಇಪ್ಪತ್ತು ಜನ ಎಲ್ಲೋ ಹೊರಟಿದಾರೆ ಅಂತ. ಮೊಣಕೈಗೆಲ್ಲ ಕೆಮ್ಮಣ್ಣು ಮೆತ್ತಿದ್ರೆ ಗುಡ್ಡದ ಕಡೆ ಹೊಂಚು ಹಾಕಿದ್ರು ಅಂತ. ಇಷ್ಟಕ್ಕೆ ಓದು ಬರಹ ಬೇಕಾ?”

ತಿಳಿದದ್ದನ್ನು ಆಚೆ ದಡದಲ್ಲಿ ಅಡಗಿದ್ದ ಬಂಡಾಯದವರಿಗೆ ಮುಟ್ಟಿಸುತ್ತಿದ್ದದ್ದೂ ಬಟ್ಟೆಯೇ. ಕಲೆ ಹೋಗಲೆಂದು ಸಾಬೂನು ಸವರಿ ಬಿಸಿಲಿಗೆ ಹರವುವುದು ಇಲ್ಲಿನ ಎಲ್ಲ ಹೆಂಗಸರ ರೂಢಿ, ಯಾರಿಗೂ ಅನುಮಾನ ಬಾರದು. ಹುಲ್ಲಿನ ಮೇಲೆ ಹರವಿದ್ದರೆ ಅಲ್ಲೇ ಇರಿ ಎಂದು. ಮೇಲಿನ ಬಂಡೆಯ ಮೇಲೆ ಬಿಳಿ ಬಟ್ಟೆ ಕಂಡರೆ ಹೊಳೆ ದಾಟಬಹುದು.

ಕಳೆದ ವರ್ಷ ಈಸ್ಟರ್‌ಗೆ ಎರಡು ದಿನ ಇರುವಾಗ ಇಗರ್ಜಿಯ ಪೀಠದ ಹೊದಿಕೆ ಒಗೆಯಲು ಬಂತು. ಅದರ ಮೇಲೆ ಅಂಗೈಯಗಲ ದ್ರಾಕ್ಷಾರಸದ ಕಲೆ. ಹುಲ್ಲಿಗೆ ಬಿಸಿಲು ತಡ, ಬಂಡೆಗೆ ಬೇಗ. ಕಲೆಯೊಂದನ್ನೇ ಕಣ್ಣಲ್ಲಿಟ್ಟುಕೊಂಡಿದ್ದ ಸಿಯಾನಾ ಹೊದಿಕೆಯನ್ನು ಒಯ್ದು ಮೇಲಿನ ಬಂಡೆಯ ಮೇಲೆ ಹರವಿಬಿಟ್ಟಳು. ಹೊಳೆಯ ತಿರುವಿನಲ್ಲಿ ದಂಡಿನವರು ಹೊಂಚು ಹಾಕಿ ಕೂತಿರುವುದು ಅವಳಿಗೂ ಗೊತ್ತಿತ್ತು. ಆಚೆಯಿಂದ ದೋಣಿ ಹೊರಟಿತು. ಅದರಲ್ಲಿ ಅವಳ ಗಂಡ ಸೆವೆರೊ ಇದ್ದ. ದೋಣಿ ಈ ದಡ ಮುಟ್ಟಲಿಲ್ಲ.

“ಕಲೆ ಪೂರ್ತಿ ಹೋಯ್ತು,” ಎನ್ನುತ್ತಾಳೆ. ಕೊಡತಿಯನ್ನು ನೀರಿಗೆ ಅದ್ದಿ ತೊಳೆಯುತ್ತಾಳೆ. “ಪಾದ್ರಿಗಳು ಹೊಗಳಿದ್ರು.”

ಅಂದಿನಿಂದ ಆ ಮೇಲಿನ ಬಂಡೆ ಬರಿದು. ಬಂಡಾಯದವರ ಜೊತೆಗಿದ್ದ ಮಗ ಪುಲೋ ಆಚೆ ದಡದಿಂದ ಹೇಳಿಕಳಿಸಿದ: ಅಮ್ಮ ಮತ್ತೆ ಅಲ್ಲಿ ಬಿಳಿ ಹರವಿದ ದಿನವೇ ನಾನು ದಾಟುವುದು, ಯಾರು ಕರೆದರೂ ಬರುವುದಿಲ್ಲ. ಈಗ ಎಲ್ಲರ ಮನೆಗೂ ಗಂಡಸರು ಬಂದಿದ್ದಾರೆ. ಅವನೊಬ್ಬ ಬಂದಿಲ್ಲ.

“ನಿನ್ ಮಗ ಆ ಮೆಳೇಲೇ ಬೇರು ಬಿಡ್ತಾನೆ ನೋಡಕ್ಕಾ,” ಎಂದು ಪಕ್ಕದಲ್ಲಿ ಒಗೆಯುವ ಬಸ್ಯಾಂಗ್ ಚುಚ್ಚುತ್ತಾಳೆ. “ಒಂದು ಬಟ್ಟೆ ಹರವೋಕೆ ಏನು ನಿಂಗೆ ದಾಡಿ?”

“ಡಿಸೆಂಬರಲ್ಲಿ ರಾಜಿ ಆಯ್ತು ಅಂತ ಡಂಗುರ ಹೊಡೆದ್ರಲ್ಲ. ಆಗ ಓಡಿ ಬಂದವರು ಏನಾದ್ರು?”

“ಜೈಲು ಸೇರಿದ್ರು.”

“ನನ್ ಮಗ ಬರ್ಲಿಲ್ಲ, ಉಳ್ಕೊಂಡ. ಸ್ಪೇನಿನವರ ಹನ್ನೊಂದು ಅಂಗಿ ಇನ್ನೂ ನಮ್ಮನೇಲಿದೆ ಕಣೆ. ಬಟ್ಟೆ ಬಿಟ್ಟು ಹೋದವನು ತಿರುಗಿ ಬರ್ತಾನೆ.”

ಮಾತು ಹಾಗಿದ್ದರೂ ಆಕೆಗೆ ಭಯವಿರುವುದು ತನ್ನ ಕೈಯ ಬಗ್ಗೆಯೇ. ಒಮ್ಮೆ ತಪ್ಪಿದ ಕೈ ಇನ್ನೊಮ್ಮೆ ತಪ್ಪಿದರೆ ಉಳಿಯುವವರು ಯಾರೂ ಇಲ್ಲ.

ಅಷ್ಟರಲ್ಲಿ ಕಾವಲುಗಾರನೊಬ್ಬ ಸ್ಪೇನಿನ ಸಾರ್ಜೆಂಟನನ್ನು ದಡಕ್ಕೆ ಕರೆತರುತ್ತಾನೆ. ಹಿಂದೆ ಕೊಳಕು ಬಟ್ಟೆಯ ಗಂಟನ್ನು ಆಕೆಯ ಕಾಲ ಬಳಿ ಎಸೆದು ಹೋಗುತ್ತಿದ್ದವನು ಇವನೇ. ಇವತ್ತು ಬರಿಗಾಲಲ್ಲಿ ನಿಂತಿದ್ದಾನೆ.

“ನಮ್ಮ ಅಂಗಿ ಕೊಡ್ತೀಯೇನಮ್ಮ? ಉಟ್ಟ ಬಟ್ಟೆ ಬಿಟ್ಟು ಬೇರೆ ಇಲ್ಲ.”

ಸಿಯಾನಾ ಗಂಜಿ ಹಾಕಿ ಮಡಿಸಿಟ್ಟ ಹನ್ನೊಂದನ್ನೂ ದಡದ ಮೇಲಿನ ಮನೆಯಿಂದ ತಂದುಕೊಡುತ್ತಾಳೆ. “ಕೊಳೆಯಾದದ್ದು ಯಾವತ್ತು ಕಳಿಸ್ತೀರಿ?”

“ಇನ್ನು ಕಳಿಸಲ್ಲಮ್ಮ. ನಾವೇ ಒಗ್ಕೋತೀವಿ.”

ಅವನು ಹೋದ ದಾರಿಯನ್ನು ಆಕೆ ಬಹಳ ಹೊತ್ತು ನೋಡುತ್ತಾಳೆ. “ಅವರೇ ಒಗ್ಕೋತಾರಂತೆ ಕಣೇ,” ಎಂದು ಬಸ್ಯಾಂಗ್‌ಗೆ ಎರಡು ಸಲ ಹೇಳುತ್ತಾಳೆ. ಬ್ಯಾಂಡು, ಭಾಷಣ ಯಾವುದನ್ನೂ ನಂಬದವಳು ಈ ಮಾತನ್ನು ನಂಬುತ್ತಾಳೆ.

ಮತ್ತೆ ಮನೆಯೊಳಗೆ ಹೋಗಿ ಸೆವೆರೊನ ಮದುವೆಯ ಅಂಗಿ ತರುತ್ತಾಳೆ. ಅನಾನಸ್ ನಾರಿನದು, ಹಾಲಿನಷ್ಟು ಬಿಳಿ, ಹುಡುಕಿದರೂ ಕಲೆಯಿಲ್ಲ. ಸುಮ್ಮನೆ ಒಮ್ಮೆ ನೀರಿಗೆ ಅದ್ದಿ ಮೇಲಿನ ಬಂಡೆ ಹತ್ತುತ್ತಾಳೆ. ನಾಲ್ಕು ಮೂಲೆಗೂ ಕಲ್ಲು ಹೇರಿ, ತೋಳು ಬಿಡಿಸಿ, ಸುಕ್ಕು ಸವರುತ್ತಾಳೆ.

ಬಿಸಿಲೇರಿ ಮಂಜು ಕರಗುತ್ತದೆ. ಬಿದಿರುಮೆಳೆಯ ಕಡೆಯಿಂದ ಯಾರೋ ದೊಪ್ಪನೆ ನೀರಿಗೆ ಬಿದ್ದ ಸದ್ದು. “ಅಕ್ಕಾ, ನಿನ್ ಮಗ ದೋಣಿಗೂ ಕಾಯದೆ ಈಜ್ಕೊಂಡೇ ಬರ್ತಿದಾನೆ!” ಬಸ್ಯಾಂಗ್ ಕಿರುಚುತ್ತಾಳೆ.

ಮತ್ತೆ ನೀರಿಗಿಳಿದು ಬಗ್ಗಿದ ಸಿಯಾನಾ ತಲೆಯೆತ್ತುವುದಿಲ್ಲ. ಕಣ್ಣೀರು ಹೊಳೆಗೇ ಬೀಳುತ್ತಿದೆ.

“ನೀರು ಕಲಕಬೇಡ ಅನ್ನು ಅವನಿಗೆ. ಆ ಅಂಗಿ ಒಣಗಲಿ, ಬಂದು ಹಾಕ್ಕೊಳ್ಳಲಿ.”